ಗುಳಿಗೆ ನುಂಗಿದವರು ಯಾರೋ, ದಂಡ ತೆತ್ತವರು ಯಾರೋ

(ಬಾಗಲಕೋಟೆಯ ನವನಗರದಲ್ಲಿ ಔಷಧ ಅಂಗಡಿಗಳ ಮಾಲೀಕರು, ದಾಳಿಂಬೆ ಬೆಳೆಗಾರರು, ಆಶಾ ಕಾರ್ಯಕರ್ತೆಯರು ಮತ್ತು ಶಿಕ್ಷಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.)

ಸಭೆಯಲ್ಲಿರುವ ಹಿರಿಯರೇ, ತಾಯಂದಿರೇ, ಗೆಳೆಯರೇ,

ನಾನು ರೋಗಿಗಳ ನಾಡಿ ಹಿಡಿಯುವ ವೈದ್ಯನಲ್ಲ. ರಕ್ತ, ಮೂತ್ರ, ಕಫ, ಕೀವು ಇವುಗಳ ಮಾದರಿಗಳು ಬಂದು ಸೇರುವ ಪ್ರಯೋಗಾಲಯದಲ್ಲಿ ಕುಳಿತು, ಅವುಗಳಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಹೀಗಾಗಿ ಹೆಚ್ಚಿನ ರೋಗಿಗಳ ಮುಖ ನನಗೆ ಗೊತ್ತಿರುವುದಿಲ್ಲ. ಬಾಟಲಿಗೆ ಅಂಟಿಸಿದ ಚೀಟಿಯಷ್ಟೇ ಗೊತ್ತು. ಅಂಥ ಒಂದು ಚೀಟಿಯಿಂದಲೇ ಇವತ್ತಿನ ಮಾತನ್ನು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಿಂದ ನಮ್ಮಲ್ಲಿಗೆ ರಕ್ತದ ಬಾಟಲಿಯೊಂದು ಬಂತು. ಚೀಟಿಯಲ್ಲಿ ಹೆಸರಿನ ಜಾಗದಲ್ಲಿ ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರಿತ್ತು; ವಯಸ್ಸಿನ ಜಾಗದಲ್ಲಿ ‘4 ದಿನ’ ಎಂದಿತ್ತು. ಕೂಸು ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಾಗಿದೆ, ರಕ್ತಕ್ಕೆ ನಂಜು ಏರಿರುವ ಅನುಮಾನವಿದೆ ಎಂಬುದು ವೈದ್ಯರ ಟಿಪ್ಪಣಿ. ಮರುದಿನವೇ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವ ಸೂಚನೆ ಸಿಕ್ಕಿತು. ಅದರ ಹೆಸರು ಕ್ಲೆಬ್ಸಿಯೆಲ್ಲಾ. ಯಾವ ಔಷಧ ಕೊಟ್ಟರೆ ಅದು ಸಾಯುತ್ತದೆ ಎಂದು ತಿಳಿಯಲು ನಾವು ಮಾಡುವ ಪರೀಕ್ಷೆಯನ್ನು ನೀವು ಒಮ್ಮೆಯಾದರೂ ಕಣ್ಣಾರೆ ನೋಡಬೇಕು. ತಟ್ಟೆಯೊಂದರಲ್ಲಿ ಆಗರ್ ಎಂಬ, ಕಡಲ ಪಾಚಿಯಿಂದ ತೆಗೆದ, ಹೆಪ್ಪುಗಟ್ಟಿದ ಗಂಜಿಯಂಥ ಪದಾರ್ಥವನ್ನು ಹಾಕಿರುತ್ತೇವೆ. ಅದರ ಮೇಲೆ ಅಂಗಳ ಸಾರಿಸಿದಂತೆ ಬ್ಯಾಕ್ಟೀರಿಯಾವನ್ನು ತೆಳುವಾಗಿ ಸವರಿ, ರಂಗೋಲಿಗೆ ಚುಕ್ಕಿ ಇಟ್ಟಂತೆ ಔಷಧ ಹೀರಿಕೊಂಡಿರುವ ಸಣ್ಣ ಕಾಗದದ ಬಿಲ್ಲೆಗಳನ್ನು ಅಲ್ಲಲ್ಲಿ ಇಡುತ್ತೇವೆ. ರಾತ್ರಿಯೆಲ್ಲ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆ ತೆಗೆದಾಗ, ಔಷಧ ಕೆಲಸ ಮಾಡಿದ ಕಡೆ ಬಿಲ್ಲೆಯ ಸುತ್ತ ಏನೂ ಬೆಳೆಯದ, ಕನ್ನಡಿಯಂತೆ ತಿಳಿಯಾದ ಒಂದು ಉಂಗುರ ಕಾಣುತ್ತದೆ. ಆ ದಿನದ ತಟ್ಟೆಯಲ್ಲಿ ಒಂದು ಉಂಗುರವೂ ಇರಲಿಲ್ಲ. ಎಲ್ಲ ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಬೂದು ಬಣ್ಣದ ಹೊದಿಕೆಯಂತೆ ಬೆಳೆದು ನಿಂತಿತ್ತು.

ಉಳಿದದ್ದು ಕೊಲಿಸ್ಟಿನ್ ಎಂಬ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ, ಬೇರೇನೂ ದಾರಿ ಇಲ್ಲದಾಗ ಮಾತ್ರ ಕೈಗೆತ್ತಿಕೊಳ್ಳುವ ಹಳೆಯ ಔಷಧ. ಅದರ ಅಣು ದೊಡ್ಡದಾದ್ದರಿಂದ ಆಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಬಿಲ್ಲೆಯಿಂದ ಪರೀಕ್ಷಿಸಲು ಬರುವುದಿಲ್ಲ. ದ್ರಾವಣದಲ್ಲಿ ಬೇರೆಯಾಗಿ ಪರೀಕ್ಷಿಸಬೇಕಾಗಿ ಬಂದು ಇನ್ನೊಂದು ದಿನ ಹಿಡಿಯಿತು. ಆ ಔಷಧ ಕೆಲಸ ಮಾಡುತ್ತದೆ ಎಂದು ಗೊತ್ತಾದ ಕೂಡಲೇ ವಾರ್ಡಿಗೆ ಫೋನ್ ಮಾಡಿದೆ. ಕೂಸು ಅಂದು ನಸುಕಿನಲ್ಲೇ ತೀರಿಕೊಂಡಿತು ಎಂದು ಶುಶ್ರೂಷಕಿ ಹೇಳಿದರು.

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮಾತನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಆ ಕೂಸು ಏನು ಮಾಡಿತ್ತು? ತನ್ನ ನಾಲ್ಕು ದಿನದ ಆಯುಷ್ಯದಲ್ಲಿ ಅದು ನೆಗಡಿಗೆಂದು ಗುಳಿಗೆ ಕೇಳಿ ಪಡೆದಿರಲಿಲ್ಲ. ಅರ್ಧಕ್ಕೆ ಔಷಧ ಬಿಟ್ಟಿರಲಿಲ್ಲ. ಯಾರಯಾರದೋ ಮೈಯಲ್ಲಿ, ಯಾವ ಯಾವುದೋ ಔಷಧಗಳ ನಡುವೆ ಬದುಕುಳಿದು ಗಟ್ಟಿಯಾದ ಬ್ಯಾಕ್ಟೀರಿಯಾ, ಒಂದು ಕೈಯಿಂದಲೋ, ಒಂದು ನಳಿಕೆಯಿಂದಲೋ, ಹೆರಿಗೆ ಕೋಣೆಯ ಒಂದು ಬಟ್ಟೆಯಿಂದಲೋ ಅದರ ಮೈ ಸೇರಿತ್ತು. ಔಷಧಕ್ಕೆ ಬಗ್ಗದ ಸೋಂಕುಗಳ ವಿಷಯದಲ್ಲಿ ನಾನು ಈ ಸಭೆಗೆ ಹೇಳಬೇಕಾದ ಮುಖ್ಯ ಮಾತು ಇದೇ: ಇಲ್ಲಿ ಮಾಡುವವನೊಬ್ಬ, ಉಣ್ಣುವವನು ಮತ್ತೊಬ್ಬ. ಹಾಗಾಗಿ ‘ನನ್ನ ಮೈ, ನನ್ನ ರೊಕ್ಕ, ನನ್ನ ಗುಳಿಗೆ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ.

ಈ ಮಾತನ್ನು ಮೊದಲು ಹೇಳಿದವನು ನಾನಲ್ಲ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರ ಡಿಸೆಂಬರಿನಲ್ಲಿ ನೊಬೆಲ್ ಉಪನ್ಯಾಸ ಮಾಡುವಾಗ ಒಂದು ಕಲ್ಪಿತ ಸಂಸಾರದ ಕಥೆ ಹೇಳಿದರು. ಗಂಡನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು, ಸೂಕ್ಷ್ಮಾಣುಗಳು ಸಾಯದಷ್ಟು, ಆದರೆ ಔಷಧವನ್ನು ತಡೆಯಲು ಕಲಿಯುವಷ್ಟು ಅಲ್ಪ ಪ್ರಮಾಣದಲ್ಲಿ ಸೇವಿಸುತ್ತಾನೆ. ಅವನಿಂದ ಹೆಂಡತಿಗೆ ಸೋಂಕು ತಗಲುತ್ತದೆ, ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೊಟ್ಟರೂ ಕೆಲಸ ಮಾಡದೆ ಆಕೆ ಸಾಯುತ್ತಾಳೆ. ಆಕೆಯ ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿದರು. ಪೆನಿಸಿಲಿನ್ ಜನಸಾಮಾನ್ಯರ ಕೈಗೆ ಆಗಷ್ಟೇ ಬರುತ್ತಿದ್ದ ಕಾಲ ಅದು. ಔಷಧ ಕೊಟ್ಟವರೇ ಎಚ್ಚರಿಕೆಯನ್ನೂ ಜೊತೆಗೇ ಕೊಟ್ಟಿದ್ದರು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ತೆಗೆದುಹಾಕಬೇಕು. ‘ಬಹಳ ಗುಳಿಗೆ ತಿಂದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ’ ಎಂದು ಅನೇಕರು ಹೇಳುತ್ತಾರೆ. ಒಗ್ಗುವುದು ಮೈಯಲ್ಲ, ಬ್ಯಾಕ್ಟೀರಿಯಾ. ಹತ್ತಿ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. 2002ರಲ್ಲಿ ನಮ್ಮ ದೇಶಕ್ಕೆ, ಕಾಯಿಕೊರಕವನ್ನು ಕೊಲ್ಲುವ ವಿಷವನ್ನು ಗಿಡದೊಳಗೇ ತಯಾರಿಸಿಕೊಳ್ಳುವ ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ತಪ್ಪಿತೆಂದು ನಿಟ್ಟುಸಿರು ಬಿಟ್ಟೆವು. ಮುಂದೆ ಗುಲಾಬಿ ಕಾಯಿಕೊರಕ ಆ ವಿಷವನ್ನೂ ಅರಗಿಸಿಕೊಂಡು ಕಾಯೊಳಗೆ ಕುಳಿತದ್ದನ್ನು ನೀವೇ ಕಂಡಿರಿ. ಸಾಯುವ ಹುಳು ಸತ್ತು, ಸಾಯದ ಹುಳು ಉಳಿದು, ಅದರ ಸಂತತಿಯೇ ಹೊಲ ತುಂಬಿತು. ಬ್ಯಾಕ್ಟೀರಿಯಾಗಳಲ್ಲಿ ಆಗುವುದೂ ಇದೇ, ಆದರೆ ವೇಗ ಬೇರೆ. ಹುಳುವಿನ ಒಂದು ತಲೆಮಾರಿಗೆ ವಾರಗಳು ಬೇಕು. ಅನುಕೂಲ ಪರಿಸ್ಥಿತಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸುಮಾರು 20 ನಿಮಿಷ ಸಾಕು. ಇನ್ನೊಂದು ಭೇದವೂ ಇದೆ, ನನ್ನನ್ನು ಹೆಚ್ಚು ಹೆದರಿಸುವುದು ಅದೇ. ಔಷಧವನ್ನು ತಡೆಯುವ ಗುಣವನ್ನು ಬ್ಯಾಕ್ಟೀರಿಯಾ ತನ್ನ ಮಕ್ಕಳಿಗಷ್ಟೇ ಕೊಡುವುದಿಲ್ಲ. ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದಲ್ಲಿ ಆ ಗುಣವನ್ನು ಕಟ್ಟಿ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಕರುಳಿನಲ್ಲಿ, ಚರಂಡಿಯಲ್ಲಿ, ತಿಪ್ಪೆಯಲ್ಲಿ ಈ ಕೊಡು-ಕೊಳ್ಳುವಿಕೆ ಹಗಲಿರುಳು ನಡೆದಿರುತ್ತದೆ.

ಕಾರ್ಬಪೆನೆಮ್ ಎಂಬ ಪ್ರಬಲ ಔಷಧಗಳನ್ನೇ ಕತ್ತರಿಸಿಹಾಕುವ ಒಂದು ಕಿಣ್ವ ಹೀಗೆಯೇ ಹರಡಿತು. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ಅದು ಪತ್ತೆಯಾಯಿತು. ಅದಕ್ಕೆ ನವದೆಹಲಿಯ ಹೆಸರಿಟ್ಟು ಎನ್‌ಡಿಎಂ-1 ಎಂದು ಕರೆದಾಗ ನಮ್ಮಲ್ಲಿ ಹೆಸರಿನ ಬಗ್ಗೆ ದೊಡ್ಡ ಗದ್ದಲವೆದ್ದಿತು. ರೋಗದ ಬಗ್ಗೆಯೂ ಅಷ್ಟೇ ಗದ್ದಲ ಏಳಬೇಕಿತ್ತೆಂದು ನನ್ನ ಭಾವನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ದೊಡ್ಡ ಆಸ್ಪತ್ರೆಗಳಿಂದ ಲೆಕ್ಕ ಕಲೆಹಾಕುತ್ತದೆ. ಆ ಲೆಕ್ಕದಂತೆ 2016ರಲ್ಲಿ ನೂರರಲ್ಲಿ 65 ಕ್ಲೆಬ್ಸಿಯೆಲ್ಲಾ ಮಾದರಿಗಳು ಇಮಿಪೆನೆಮ್ ಎಂಬ ಕಾರ್ಬಪೆನೆಮ್‌ಗೆ ಬಗ್ಗುತ್ತಿದ್ದವು. 2021ಕ್ಕೆ ಅದು 43ಕ್ಕೆ ಇಳಿದಿತ್ತು. ಇ. ಕೋಲಿಯಲ್ಲಿ 86 ಇದ್ದದ್ದು 64 ಆಯಿತು. ಐದು ವರ್ಷದಲ್ಲಿ ಇಷ್ಟು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಜಗತ್ತಿನಲ್ಲಿ 12.7 ಲಕ್ಷ, ಭಾರತದಲ್ಲಿ ಸುಮಾರು 3 ಲಕ್ಷ ಎಂಬುದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನದ ಅಂದಾಜು.

ಅಂಕಿಸಂಖ್ಯೆ ಸಾಕು. ನಮ್ಮ ಊರಿನ ಕಡೆಗೆ ಬರೋಣ.

ನಮ್ಮ ಕಡೆ ಜ್ವರ ಬಂದ ಮನುಷ್ಯ ಏನು ಮಾಡುತ್ತಾನೆ? ಮೊದಲ ದಿನ ಮೆಡಿಕಲ್ ಅಂಗಡಿಗೆ ಹೋಗಿ ‘ಥಂಡಿ ಜ್ವರಕ್ಕ ಎರಡ ಗುಳಿಗಿ ಕೊಡ್ರಿ’ ಎನ್ನುತ್ತಾನೆ. ಕಾಗದದ ಪುಡಿಕೆಯಲ್ಲಿ ನಾಲ್ಕಾರು ಬಣ್ಣದ ಗುಳಿಗೆಗಳು ಬರುತ್ತವೆ, ಅವುಗಳಲ್ಲಿ ಆ್ಯಂಟಿಬಯಾಟಿಕ್, ಅಂದರೆ ಬ್ಯಾಕ್ಟೀರಿಯಾವನ್ನು ಮಣಿಸುವ ಔಷಧ, ಯಾವುದು ಎಂದು ಕೊಟ್ಟವನಿಗೆ ಗೊತ್ತು, ನುಂಗುವವನಿಗೆ ಗೊತ್ತಿಲ್ಲ. ಮೂರನೆಯ ದಿನವೂ ಜ್ವರ ಇಳಿಯದಿದ್ದರೆ ರಕ್ತ ತಪಾಸಣೆ. ವಿಡಾಲ್ ಪರೀಕ್ಷೆಯ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬರುತ್ತದೆ. ‘ಟೈಫಾಯಿಡ್ ಆಗೇತಿ’ ಎಂದು ಊರೆಲ್ಲ ಸುದ್ದಿಯಾಗಿ, ಸಲೈನ್ ಹಚ್ಚಿಸಿ, ಅದರೊಳಗೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಹೋಗುತ್ತದೆ. ವಿಡಾಲ್ ಪರೀಕ್ಷೆ 1896ರದು. ಟೈಫಾಯಿಡ್ ಮನೆಮಾಡಿಕೊಂಡಿರುವ ನಮ್ಮಂಥ ಪ್ರದೇಶದಲ್ಲಿ, ಹಿಂದೆ ಯಾವಾಗಲೋ ಆದ ಸೋಂಕಿನ ಅಥವಾ ಹಾಕಿಸಿಕೊಂಡ ಲಸಿಕೆಯ ಗುರುತಾಗಿ ಆರೋಗ್ಯವಂತರ ರಕ್ತದಲ್ಲಿಯೂ ಅದು ಪಾಸಿಟಿವ್ ಬರಬಹುದು. ಬೇರೆ ಜ್ವರಗಳಲ್ಲಿಯೂ ಬರಬಹುದು. ಒಂದೇ ಸಲ ಮಾಡಿದ ವಿಡಾಲ್ ಪರೀಕ್ಷೆಯನ್ನು ನಂಬಿ ಇಂಜೆಕ್ಷನ್ ಏರಿಸುವುದೆಂದರೆ ಕತ್ತಲಲ್ಲಿ ಕಲ್ಲು ಒಗೆದಂತೆ. ಟೈಫಾಯಿಡ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ಆದರೆ ಮೂರು ದಿನ ಪುಡಿಕೆಯ ಗುಳಿಗೆ ನುಂಗಿ, ಎರಡು ದಿನ ಇಂಜೆಕ್ಷನ್ ತೆಗೆದುಕೊಂಡ ಮೇಲೆ ನಮ್ಮಲ್ಲಿಗೆ ಬರುವ ರಕ್ತದಲ್ಲಿ ಬಹುಪಾಲು ಏನೂ ಬೆಳೆಯುವುದಿಲ್ಲ. ರೋಗವಿದೆ, ಸಾಕ್ಷಿ ಅಳಿಸಿಹೋಗಿದೆ. ವೈದ್ಯರು ಆಮೇಲೆ ಊಹೆಯ ಮೇಲೆಯೇ ಒಂದಕ್ಕಿಂತ ಒಂದು ದೊಡ್ಡ ಔಷಧಕ್ಕೆ ಏರುತ್ತ ಹೋಗಬೇಕಾಗುತ್ತದೆ.

ನನ್ನ ವೃತ್ತಿಯ ಅನುಭವದಲ್ಲಿ ನಾನು ವೈದ್ಯ ಮಿತ್ರರಲ್ಲಿ ಹೆಚ್ಚು ಸಲ ಮಾಡಿಕೊಂಡ ಬಿನ್ನಹ ಇದೇ: ಮೊದಲು ಮಾದರಿ ತೆಗೆಯಿರಿ, ಆಮೇಲೆ ಔಷಧ ಕೊಡಿ. ತೀವ್ರ ನಂಜಿನಲ್ಲಿ ವರದಿಗಾಗಿ ಕಾಯಬಾರದು, ಅದು ನಿಜ. ಆದರೆ ಔಷಧ ಆರಂಭಿಸುವ ಮುಂಚೆ ರಕ್ತ ತೆಗೆದು ಬಾಟಲಿಗೆ ತುಂಬಲು ಐದು ನಿಮಿಷ ಸಾಕು. ಆ ಐದು ನಿಮಿಷದ ಬೆಲೆ ಮೂರನೆಯ ದಿನ ಗೊತ್ತಾಗುತ್ತದೆ.

ಈಗ ಒಂದು ಗುಳಿಗೆಯನ್ನು ಹತ್ತಿರದಿಂದ ನೋಡೋಣ. ಅಜಿಥ್ರೊಮೈಸಿನ್, 500 ಮಿಲಿಗ್ರಾಂ. ನಮ್ಮ ದೇಶದ ಖಾಸಗಿ ಮಾರುಕಟ್ಟೆಯಲ್ಲಿ 2019ರಲ್ಲಿ ಅತಿ ಹೆಚ್ಚು ಬಳಕೆಯಾದ ಆ್ಯಂಟಿಬಯಾಟಿಕ್ ರೂಪ ಇದೇ ಎಂದು ಅಧ್ಯಯನವೊಂದು ತೋರಿಸಿದೆ. ನೆಗಡಿ, ಗಂಟಲು ಕೆರೆತ, ಕೆಮ್ಮು ಎಂದರೆ ಸಾಕು, ಇದರ ಚಿಕ್ಕ ಸ್ಟ್ರಿಪ್ ಕೈಗೆ ಬರುತ್ತದೆ. ನೆಗಡಿ ವೈರಸ್ಸಿನಿಂದ ಬರುವುದು. ಈ ಗುಳಿಗೆ ವೈರಸ್ಸನ್ನು ಮುಟ್ಟುವುದೂ ಇಲ್ಲ. ಇದೇ ಗುಳಿಗೆಯ ಇನ್ನೊಂದು ಮುಖವನ್ನು ನಮ್ಮ ನೆರೆಯ ಬೆಳಗಾವಿ ಕಂಡಿದೆ. ಹೆರಿಗೆ ನೋವು ಆರಂಭವಾದ ತಾಯಂದಿರಿಗೆ ಒಂದೇ ಸಲ 2 ಗ್ರಾಂ ಅಜಿಥ್ರೊಮೈಸಿನ್ ಕೊಟ್ಟರೆ ಬಾಣಂತಿ ನಂಜು ತಪ್ಪುತ್ತದೆಯೇ ಎಂದು ಏಳು ದೇಶಗಳಲ್ಲಿ 29,278 ಮಹಿಳೆಯರ ಮೇಲೆ ದೊಡ್ಡ ಪ್ರಯೋಗ ನಡೆಯಿತು. ಅದರ ಭಾರತದ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನಂಜು ಅಥವಾ ಸಾವಿಗೆ ಈಡಾದ ತಾಯಂದಿರು ಔಷಧ ಪಡೆದ ಗುಂಪಿನಲ್ಲಿ ನೂರಕ್ಕೆ 1.6, ಪಡೆಯದ ಗುಂಪಿನಲ್ಲಿ 2.4. ಕೂಸುಗಳಿಗೆ ಇದರಿಂದ ಅಂಥ ಪ್ರಯೋಜನ ಕಾಣಲಿಲ್ಲ, ತಾಯಂದಿರಿಗೆ ಆಯಿತು. ಸಾವಿರ ಹೆರಿಗೆಗಳಲ್ಲಿ ಸುಮಾರು ಎಂಟು ತಾಯಂದಿರನ್ನು ಕಾಯಬಲ್ಲ ಗುಳಿಗೆ ಅದು. ನಾವು ಮೂಗು ಸೋರಿದಾಗ ನುಂಗಿ ಅದರ ಹರಿತವನ್ನು ಮೊಂಡು ಮಾಡಿದರೆ, ಕಳೆದುಕೊಳ್ಳುವವಳು ಹೆರಿಗೆ ಕೋಣೆಯಲ್ಲಿರುವ ಯಾವುದೋ ಮನೆಯ ಮಗಳು.

ದಾಳಿಂಬೆ ಬೆಳೆಗಾರರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೀರಿ. ನಿಮಗೆ ನೋವಾಗದಂತೆ, ಆದರೆ ಮುಚ್ಚಿಡದೆ ಒಂದು ವಿಷಯ ಹೇಳಬೇಕು. ದುಂಡಾಣು ಅಂಗಮಾರಿ ಎಂಬ ಬ್ಯಾಕ್ಟೀರಿಯಾ ರೋಗ ನಮ್ಮ ಜಿಲ್ಲೆಯ ತೋಟಗಳನ್ನು ಹೇಗೆ ನುಂಗಿತೆಂದು ನಿಮಗೆ ನಾನು ಹೇಳಬೇಕಿಲ್ಲ. ಎಣ್ಣೆಯ ಕಲೆಯಂಥ ಚುಕ್ಕಿ ಬಿದ್ದು, ಕಾಯಿ ಸೀಳಿ, ಸಾಲ ಮಾಡಿ ನೆಟ್ಟ ಗಿಡಗಳನ್ನು ಬೇರುಸಹಿತ ಕಿತ್ತ ಕುಟುಂಬಗಳು ಈ ಸಭೆಯಲ್ಲಿಯೇ ಇವೆ. ಆ ರೋಗಕ್ಕೆ ನೀರಿನಲ್ಲಿ ಕಲಸಿ ಹೊಡೆಯುವ ಸಣ್ಣ ಪಾಕೀಟಿನ ಬಿಳಿ ಪುಡಿಯಲ್ಲಿ ಇರುವುದು ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಗಳು. 1943ರಲ್ಲಿ ಮಣ್ಣಿನ ಸೂಕ್ಷ್ಮಾಣುವೊಂದರಿಂದ ಪಡೆದ ಸ್ಟ್ರೆಪ್ಟೊಮೈಸಿನ್, ಕ್ಷಯವನ್ನು ಗುಣಪಡಿಸಬಲ್ಲ ಮೊದಲ ಆ್ಯಂಟಿಬಯಾಟಿಕ್. ಕೆಲವೇ ವರ್ಷಗಳಲ್ಲಿ ಅದೊಂದನ್ನೇ ಕೊಟ್ಟ ರೋಗಿಗಳು ಮೊದಲು ಚೇತರಿಸಿಕೊಂಡು, ಆಮೇಲೆ ಅವರಲ್ಲಿದ್ದ ಕ್ಷಯಾಣು ಔಷಧಕ್ಕೆ ಬಗ್ಗದಂತಾದದ್ದನ್ನು ಬ್ರಿಟನ್ನಿನ ವೈದ್ಯರು 1948ರಲ್ಲಿ ದಾಖಲಿಸಿದರು. ಇವತ್ತು ಕ್ಷಯಕ್ಕೆ ಒಂದೇ ಔಷಧ ಕೊಡದೆ, ಹಲವು ಔಷಧಗಳನ್ನು ಕೂಡಿಸಿ ಆರು ತಿಂಗಳು ತಪ್ಪದೆ ಕೊಡುವ ಪದ್ಧತಿ ಹುಟ್ಟಿದ್ದು ಆ ಪಾಠದಿಂದಲೇ. ನಾವು ಗಿಡಗಳ ಮೇಲೆ ಹೊಡೆದದ್ದು ಎಲೆಯ ಮೇಲೆಯೇ ನಿಲ್ಲುವುದಿಲ್ಲ. ಮಣ್ಣಿಗೆ ಇಳಿಯುತ್ತದೆ, ಮಳೆಯ ನೀರಿನೊಡನೆ ಹಳ್ಳಕ್ಕೆ ಸೇರುತ್ತದೆ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ತಡೆಯುವ ಪಾಠ ಕಲಿಸುತ್ತದೆ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಇವೆರಡನ್ನೂ ಕೃಷಿಯಲ್ಲಿ ನಿಷೇಧಿಸುವ ಕರಡು ಆದೇಶ ಹೊರಡಿಸಿದ್ದು ಈ ಕಾರಣದಿಂದಲೇ.

ಔಷಧ ಬಿಡಿ ಎಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ರೋಗ ಹೆಚ್ಚುವುದು ಮಳೆಗಾಲದಲ್ಲಿ. ಹೀಗಾಗಿ ಹಸ್ತ ಬಹಾರ, ಅಂದರೆ ಮಳೆಗಾಲದ ಕೊನೆಗೆ ಹೂ ಬಿಡಿಸುವ ಬೆಳೆ, ಹಿಡಿದು ಮಳೆ ತಗ್ಗಿದ ಮೇಲೆ ಕಾಯಿ ಕಟ್ಟುವಂತೆ ಮಾಡುವುದು, ರೋಗ ತಗುಲಿದ ಕೊಂಬೆ-ಕಾಯಿಗಳನ್ನು ತೋಟದಿಂದ ಹೊರಗೆ ಸುಡುವುದು, ಒಂದು ಗಿಡ ಸವರಿದ ಕತ್ತರಿಯನ್ನು ಇನ್ನೊಂದಕ್ಕೆ ಹಚ್ಚುವ ಮೊದಲು ಸೋಂಕುನಿವಾರಕದಲ್ಲಿ ಅದ್ದುವುದು, ಸವರಿದ ಮೇಲೆ ಬೋರ್ಡೋ ದ್ರಾವಣ ಬಳಿಯುವುದು, ರೋಗವಿಲ್ಲದ ಸಸಿ ತರುವುದು ಇವೆಲ್ಲ ನಿಮಗೆ ಗೊತ್ತಿರುವ ಕ್ರಮಗಳೇ. ನಮ್ಮ ಊರಿನಲ್ಲಿಯೇ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಪಕ್ಕದ ಸೊಲ್ಲಾಪುರದಲ್ಲಿ ದಾಳಿಂಬೆಗಾಗಿಯೇ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಅಂಗಡಿಯ ಕಟ್ಟೆಯ ಮೇಲೆ ಸಿಗುವ ಸಲಹೆಗಿಂತ ಅಲ್ಲಿಯ ಸಲಹೆ ಮೇಲು. ಕತ್ತರಿ ಅದ್ದುವ ಆ ಕ್ರಮ ನೋಡಿ: ಹೆರಿಗೆ ಕೋಣೆಯಲ್ಲಿ ಒಂದು ಕೂಸನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವ ಮೊದಲು ಕೈ ತೊಳೆಯುವುದಕ್ಕೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ.

ಕುರಿ, ಕೋಳಿ, ಹೈನದ ವಿಷಯದಲ್ಲಿಯೂ ಹೇಳುವುದು ಬಹಳವಿದೆ. ಇವತ್ತು ಇಷ್ಟೇ ಹೇಳುತ್ತೇನೆ: ನಾಲ್ಕು ದಿನದ ಕೂಸಿಗೆ ಕೊನೆಯದಾಗಿ ಉಳಿದಿದ್ದ ಆ ಕೊಲಿಸ್ಟಿನ್ನನ್ನು ಕೋಳಿಗಳು ಬೇಗ ಮೈತುಂಬಲಿ ಎಂದು ಮೇವಿನಲ್ಲಿ ಬೆರೆಸುವುದು ಈ ದೇಶದಲ್ಲಿ 2019ರ ಜುಲೈವರೆಗೂ ನಡೆದಿತ್ತು, ಆಗ ಸರ್ಕಾರ ಅದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ನಿಷೇಧಿಸಿತು.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1 ಎಂಬ ಔಷಧಗಳ ಪಟ್ಟಿ ಜಾರಿಯಲ್ಲಿದೆ. ಆ ಪಟ್ಟಿಯ ಔಷಧ ಮಾರುವಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ಪಿನ ಹಿಂದೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಳ್ಳಬಾರದು ಎಂದು ತಿಳಿಸುವ ಪ್ರಚಾರ 2016ರಲ್ಲಿ ಆರಂಭವಾಯಿತು. ಶಿಕ್ಷಕರಲ್ಲಿ ನನ್ನ ವಿನಂತಿ: ಆ ಕೆಂಪು ಗೆರೆಯನ್ನು ಮಕ್ಕಳಿಗೆ ತೋರಿಸಿ. ಅವರು ಮನೆಗೆ ಹೋಗಿ ಔಷಧದ ಡಬ್ಬಿ ತೆರೆದು ಅಜ್ಜ-ಅಜ್ಜಿಗೆ ತೋರಿಸುತ್ತಾರೆ. ಆಶಾ ತಂಗಿಯರಲ್ಲಿ ಕೇಳುವುದು ಬೇರೆ: ಲಸಿಕೆ ಬಿಟ್ಟುಹೋದ ಮಕ್ಕಳನ್ನು ಹುಡುಕಿ. ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡ ಮಗುವಿಗೆ ಬರದೇ ಹೋದ ರೋಗಕ್ಕೆ ಯಾರೂ ಆ್ಯಂಟಿಬಯಾಟಿಕ್ ಕೊಡಬೇಕಾಗುವುದಿಲ್ಲ.

ಮಾತು ಮುಗಿದ ಮೇಲೆ ಔಷಧ ಅಂಗಡಿಯ ಯುವಕನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಲೇಬೇಕು. ‘ಸರ, ನಾವು ಕೊಡ್ಲಿಲ್ಲಂದ್ರ ಬಾಜೂ ಅಂಗಡ್ಯಾಗ ತಗೋತಾರ್ರಿ. ಗಿರಾಕಿ ಹೋಗೋದಷ್ಟ, ಗುಳಿಗಿ ನಿಲ್ಲಂಗಿಲ್ಲ.’ ಸಭೆಯಲ್ಲಿ ಅನೇಕರು ತಲೆಯಾಡಿಸಿದರು. ಅವನ ಮಾತು ಪೂರ್ತಿ ನಿಜವೆಂದೇ ನಾನು ಉತ್ತರಿಸಿದೆ. ಒಬ್ಬನೇ ಒಳ್ಳೆಯವನಾದರೆ ನಷ್ಟ ಅವನೊಬ್ಬನಿಗೇ ಆಗುತ್ತದೆ. ಅದಕ್ಕೆಂದೇ ನವನಗರ, ವಿದ್ಯಾಗಿರಿ, ಹಳೆ ಊರು ಎನ್ನದೆ ಎಲ್ಲ ಅಂಗಡಿಗಳೂ ಒಂದೇ ದಿನ ಒಂದೇ ನಿರ್ಣಯಕ್ಕೆ ಬರಬೇಕು, ಔಷಧ ನಿಯಂತ್ರಣ ಅಧಿಕಾರಿಗಳು ರಿಜಿಸ್ಟರನ್ನು ನಿಜವಾಗಿ ತೆರೆದು ನೋಡಬೇಕು. ನಮ್ಮ ಪ್ರಯೋಗಾಲಯದ ಕಡೆಯಿಂದ, ಈ ಜಿಲ್ಲೆಯ ಮೂತ್ರದ ಸೋಂಕು, ಗಾಯದ ಕೀವು ಮೊದಲಾದವುಗಳಲ್ಲಿ ಯಾವ ಔಷಧ ಇನ್ನೂ ಕೆಲಸ ಮಾಡುತ್ತಿದೆ ಎಂಬ ಒಂದು ಪುಟದ ಲೆಕ್ಕವನ್ನು ವರ್ಷಕ್ಕೊಮ್ಮೆ ಎಲ್ಲ ವೈದ್ಯರಿಗೆ ತಲುಪಿಸುವುದಾಗಿ ಒಪ್ಪಿಕೊಂಡೆ.

ಅದು ವೈದ್ಯರಿಗಾಯಿತು, ತಮಗೆ ಬೇಕಾದದ್ದು ಬೇರೆ ಎಂದು ಆತ ಹೇಳಿದ. ಚೀಟಿ ಇಲ್ಲದೆ ಕೊಡಲಾಗದ ಔಷಧಗಳ ಹೆಸರುಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದ ಫಲಕವೊಂದನ್ನು ಎಲ್ಲ ಅಂಗಡಿಗಳ ಗಾಜಿನ ಮೇಲೆ ಅಂಟಿಸಬೇಕು. ತಾನು ಇಲ್ಲವೆಂದರೆ ಗಿರಾಕಿ ಜಗಳಕ್ಕೆ ಬರುತ್ತಾನೆ, ಎಲ್ಲ ಅಂಗಡಿಗಳಲ್ಲೂ ಅದೇ ಫಲಕ ಇದ್ದರೆ ಬರುವುದಿಲ್ಲ ಎಂಬುದು ಅವನ ಮಾತು. ಹಾಗಾದರೆ ಮೊದಲನೆಯ ಹೆಸರು ಯಾವುದಿರಲಿ ಎಂದು ಕೇಳಿದೆ. ಆತ ತಡಮಾಡದೆ ಹೇಳಿದ ಹೆಸರು ಅಜಿಥ್ರೊಮೈಸಿನ್.